ಡಿಸೆಂಬರ್ 31 ಬಂತು, ನಂದೇನೂ ಮುಗಿದಿಲ್ಲ

ತೊಗರಿಹೊಲ · 31 ಡಿಸೆಂಬರ್ 2024, ಸಂಜೆ 7:40

ಎಲ್ಲಾರೂ ವರ್ಷದ ಲೆಕ್ಕ ಬರೀಲಾಕತ್ತಾರ. ಎಷ್ಟು ಪುಸ್ತಕ ಓದಿದೆ, ಎಷ್ಟು ಊರು ತಿರುಗಿದೆ, ಏನೇನು ಕಲಿತೆ ಅಂತ. ನನಗ ಬರಿಯೋದು ಏನದ ಅಂತ ಯೋಚನಿ ಮಾಡಿದ್ರ ಏನೂ ಹೊಳೀವಲ್ದು. ಅದಕ್ಕ ಇಲ್ಲಿ ಕೇಳ್ಲಾಕತ್ತೀನಿ.

ನಂದು ಆಳಂದ ತಾಲೂಕಿನ ಹಳ್ಳಿ. ಕಲಬುರಗಿಯಾಗ ಬಿಎಸ್ಸಿ ಮೂರನೇ ಸೆಮಿಸ್ಟರ್, ಫಿಸಿಕ್ಸ್ ಮತ್ತ ಮ್ಯಾಥ್ಸ್. ನಮ್ಮದು ಎನ್‌ಇಪಿಯ (ರಾಷ್ಟ್ರೀಯ ಶಿಕ್ಷಣ ನೀತಿ) ಕಡೀ ಬ್ಯಾಚು. ಈ ವರ್ಷ ಸೇರಿದವರಿಗೆ ಮತ್ತ ಮೂರು ವರ್ಷದ ಡಿಗ್ರಿ, ಸಿಲೆಬಸ್ಸೂ ಬ್ಯಾರೆ. ಜೂನಿಯರ್ ಹುಡುಗಿ ಹಳೇ ನೋಟ್ಸ್ ಕೇಳಿದ್ಲು, ಕೊಟ್ರ ಅರ್ಧ ಆಕಿ ಕೆಲಸಕ್ಕ ಬರಲಿಲ್ಲ.

ದಿನಾ ಊರಿಂದನೇ ಹೋಗಿ ಬರ್ತೀನಿ. ಅವ್ವ ರೊಟ್ಟಿ ಬಡಿಯೋ ಸಪ್ಪಳಕ್ಕ ಏಳೋದು, ಡಬ್ಬಿ ಕಟ್ಟಿಕೊಳ್ಳೋದು, ಬಸ್ಸಿಗೆ ಓಡೋದು. ಸೀಟು ಸಿಕ್ಕರ ಓದ್ತೀನಿ, ಸಿಗದಿದ್ರ ಕಂಬ ಹಿಡಕೊಂಡು ಮನಸಿನ್ಯಾಗ ಓದ್ತೀನಿ. ಕ್ಲಾಸು, ಪ್ರಾಕ್ಟಿಕಲ್ಲು, ರೆಕಾರ್ಡ್ ಬರಿಯೋದು, ಮತ್ತ ಬಸ್ಸು. ಮನೀಗೆ ಬರೂದ್ರಾಗ ಕತ್ತಲ. ಎಮ್ಮಿ ಹಿಂಡೋದು ನನ್ನ ಪಾಲಿಗೆ. ಉಂಡು ಪುಸ್ತಕ ಹಿಡಿದ್ರ ಎರಡನೇ ಹಾಳಿಗೆ ನಿದ್ದಿ.

ನಮ್ಮ ಪಿಯುಸಿ ಗ್ರೂಪಿನ್ಯಾಗ ಒಬ್ಬಾಕಿ ಬೆಂಗಳೂರಾಗ ಇಂಜಿನಿಯರಿಂಗ್, ಇನ್ನೊಬ್ಬಾಕಿ ನರ್ಸಿಂಗ್. ಕೆಲವರದು ಲಗ್ನ ಆಯ್ತು, ಅವರು ಗ್ರೂಪಿನ್ಯಾಗ ಮಾತಾಡೋದೇ ಬಿಟ್ಟಾರ. ಇವತ್ತು ಮುಂಜಾನಿಯಿಂದ ಆ ಗ್ರೂಪಿನ ತುಂಬ ‘ನನ್ನ 2024’ ಅಂತ ಫೋಟೋಗಳು. ನಂದು ಹಾಕಬೇಕಂದ್ರ ಫೋನಿನ್ಯಾಗ ಇರೋದೆಲ್ಲ ಬೋರ್ಡಿನ ಮ್ಯಾಲಿನ ಡೆರಿವೇಶನ್ ಫೋಟೋ.

ಏನೂ ಆಗದ ವರ್ಷದ ಲೆಕ್ಕ ನೀವೆಲ್ಲ ಹ್ಯಾಂಗ ಬರೀತೀರಿ?

---

ವೈಟ್‌ಫೀಲ್ಡ್ ವಾಸಿ · 31 ಡಿಸೆಂಬರ್, ರಾತ್ರಿ 8:15

ನೇರವಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಲೆಕ್ಕ ಬರೆಯೋಕೆ ಏನೂ ಇಲ್ಲ ಅಂದ್ರೆ ವರ್ಷದ ಶುರುವಿನಲ್ಲಿ ಗುರಿ ಇರಲಿಲ್ಲ ಅಂತ ಅರ್ಥ. ನಾನು ಪ್ರತಿ ಜನವರಿ 1ಕ್ಕೆ ಐದು ಗುರಿ ಬರೆದು ಫ್ರಿಜ್ ಮೇಲೆ ಅಂಟಿಸ್ತೀನಿ. ನಿಮ್ಮ ವಯಸ್ಸಲ್ಲಿ ಪೈಥಾನ್ ಕಲೀಬಹುದು, ಇಂಗ್ಲಿಷ್ ಮಾತಾಡೋದು ರೂಢಿ ಮಾಡ್ಕೋಬಹುದು, ಲಿಂಕ್ಡ್‌ಇನ್ ಶುರು ಮಾಡಬಹುದು. ಬಸ್ಸಲ್ಲಿ ಹೋಗೋ ಸಮಯ ಎಲ್ಲರಿಗೂ ಹಾಳಾಗುತ್ತೆ, ನಂಗೂ ಸಿಲ್ಕ್ ಬೋರ್ಡ್‌ನಲ್ಲಿ ಹಾಳಾಗುತ್ತೆ. ಇದೇ ತಿಂಗಳು ಗುಕೇಶ್ 18ನೇ ವಯಸ್ಸಿಗೆ ಚೆಸ್ ವಿಶ್ವ ಚಾಂಪಿಯನ್ ಆದ. ವಯಸ್ಸು ನೆಪ ಅಲ್ಲ.

---

ಕಡಲತಡಿ ಬಿಕಾಂ · 31 ಡಿಸೆಂಬರ್, ರಾತ್ರಿ 8:52

ಗುಕೇಶನನ್ನು ಯಾಕೆ ಎಳೆದು ತಂದ್ರಿ ಮಾರಾಯ್ರೆ! ಅವನ ತಂದೆ ಕಿವಿ-ಮೂಗು-ಗಂಟಲಿನ ಸರ್ಜನ್. ಮಗನ ಜೊತೆ ಟೂರ್ನಮೆಂಟಿಗೆ ತಿರುಗಲಿಕ್ಕೆ ಪ್ರಾಕ್ಟೀಸನ್ನೇ ಬಿಟ್ಟವರು. ತಾಯಿಯ ಸಂಬಳದಲ್ಲಿ ಮನೆ ನಡೆದದ್ದು. ಹುಡುಗನ ಸಾಧನೆ ದೊಡ್ಡದೇ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಎಮ್ಮೆ ಹಿಂಡಿ ಓದಲಿಕ್ಕೆ ಕೂರುವವಳ ಎದುರು ಅದನ್ನು ಇಟ್ಟು ‘ನೆಪ’ ಅನ್ನುವುದು ಎಂಥ ನ್ಯಾಯ?

ನಾನು ಉಡುಪಿ ಕಡೆಯವಳು, ಬಿಕಾಂ ಕೊನೇ ವರ್ಷ. ಸಂಜೆ ಒಂದು ಬಟ್ಟೆ ಅಂಗಡಿಯಲ್ಲಿ ಬಿಲ್ ಹಾಕ್ತೇನೆ. ಡಿಸೆಂಬರ್ ಅಂದ್ರೆ ನಮಗೆ ಕ್ರಿಸ್‌ಮಸ್ ವ್ಯಾಪಾರ, ಮದುವೆ ಸೀಸನ್ನಿನ ವ್ಯಾಪಾರ, ಕಾಲು ನೋವು, ಅಷ್ಟೇ. ಮತ್ತೆ, ನಾವು ಅಕೌಂಟ್ಸಿನವರು. ನಮ್ಮ ವರ್ಷ ಮುಗಿಯುವುದು ಮಾರ್ಚ್ 31ಕ್ಕೆ. ಡಿಸೆಂಬರಿನಲ್ಲಿ ಯಾರಾದ್ರೂ ಲಾಭ-ನಷ್ಟ ಕೇಳಿದ್ರೆ ‘ಇನ್ನೂ ಕ್ಲೋಸ್ ಆಗ್ಲಿಲ್ಲ’ ಅಂತ ಹೇಳ್ತೇವೆ. ನೀನೂ ಹಾಗೇ ಹೇಳು.

---

ಹಳೇ ಮಾಸ್ತರ, ಧಾರವಾಡ · 31 ಡಿಸೆಂಬರ್, ರಾತ್ರಿ 9:30

ಈ ಬಿಕಾಂ ತಂಗಿ ಹೇಳಿದ್ದು ನನಗ ಸರಿ ಅನಸ್ತು. ನಾನು ಮೂವತ್ತು ವರ್ಷಕ್ಕೂ ಹೆಚ್ಚು ಹೈಸ್ಕೂಲಿನ್ಯಾಗ ಗಣಿತ ಕಲಿಸಿ ರಿಟೈರ್ ಆದಾಂವ. ನಮ್ಮ ವರ್ಷ ಜೂನ್ ತಿಂಗಳದಾಗ ಶುರುವಾಗಿ ಏಪ್ರಿಲ್‌ದಾಗ ಮುಗೀತಿತ್ತು. ಡಿಸೆಂಬರ್ ಅಂದ್ರ ಗ್ಯಾದರಿಂಗ್ ತಿಂಗಳು. ಹುಡುಗೂರು ಡಾನ್ಸ್ ಪ್ರಾಕ್ಟೀಸ್ ಅಂತ ಕ್ಲಾಸಿಗೆ ಬರ್ತಿದ್ದಿಲ್ಲ, ನಾವು ಮಾರ್ಚ್ ಪರೀಕ್ಷೆ ನೆನಿಸಿ ತಲಿ ಮ್ಯಾಲೆ ಕೈ ಹೊತ್ತು ಕುಂದರತಿದ್ವಿ. ಮನಿಯೊಳಗ ನೋಡಿದ್ರ ಕ್ರೋಧಿ ಸಂವತ್ಸರ ಇನ್ನೂ ನಡದೈತಿ, ಯುಗಾದಿ ಬರೋದು ಮಾರ್ಚ್ 30ಕ್ಕ. ಗ್ವಾಡಿಗೆ ಹೊಸ ಕ್ಯಾಲೆಂಡರ್ ಮೊಳಿ ಹೊಡಿಯೋದು ಬಿಟ್ರ ಜನವರಿ ಒಂದಕ್ಕ ನಮ್ಮ ಮನ್ಯಾಗ ಬ್ಯಾರೆ ಏನೂ ಆಗೂದಿಲ್ಲ.

ಆದ್ರ ತಂಗಿ, ನೀ ಕೇಳಿದ ಪ್ರಶ್ನೆಕ್ಕ ಇದು ಉತ್ತರ ಅಲ್ಲ, ತಪ್ಪಿಸಿಕೊಳ್ಳೋದು ಅಷ್ಟ. ಹಿಂಗಾಗಿ ನಾ ಒಂದು ಪ್ರಶ್ನೆ ಕೇಳ್ತೀನಿ, ನನ್ನ ವಿದ್ಯಾರ್ಥಿಗಳಿಗೂ ಕೇಳ್ತಿದ್ದೆ. ಹೋದ ಡಿಸೆಂಬರ್‌ದಾಗ ಬರದಿದ್ದು, ಈಗ ಬರ್ತೈತಿ ಅನ್ನೋದು ಏನೈತಿ? ಮಾರ್ಕ್ಸ್ ಹೇಳಬ್ಯಾಡ. ಕೈಲೆ ಮಾಡಿ ತೋರಿಸೋವಂಥದ್ದು ಹೇಳು.

---

ತೊಗರಿಹೊಲ · 1 ಜನವರಿ 2025, ಮಧ್ಯಾಹ್ನ 1:10

ಮಾಸ್ತರ್ರೇ, ರಾತ್ರಿ ನಿಮ್ಮ ಪ್ರಶ್ನೆ ಓದಿ ಮಲಕೊಂಡೆ. ಈಗ ಹೇಳ್ತೀನಿ, ಸ್ವಲ್ಪ ಉದ್ದ ಆಗ್ತದ.

ನಮಗ ಈ ಸೆಮಿಸ್ಟರ್ ಫಿಸಿಕ್ಸ್‌ನ್ಯಾಗ ವೇವ್ ಮೋಷನ್ ಮತ್ತ ಆಪ್ಟಿಕ್ಸ್. ಲ್ಯಾಬಿನ್ಯಾಗ ನ್ಯೂಟನ್ಸ್ ರಿಂಗ್ಸ್ ಅಂತ ಒಂದು ಪ್ರಯೋಗ ಅದ. ಉಬ್ಬಿದ ಲೆನ್ಸು ಸಪಾಟ ಗಾಜಿನ ಮ್ಯಾಲೆ ಇಟ್ಟು, ಸೋಡಿಯಂ ದೀಪದ ಹಳದಿ ಬೆಳಕು ಬಿಟ್ಟು, ಮ್ಯಾಲಿಂದ ಮೈಕ್ರೋಸ್ಕೋಪಿನ್ಯಾಗ ನೋಡೋದು. ಲೆನ್ಸು ಗಾಜು ನಡುವಿನ ಗಾಳಿಯ ಪದರ ನಡೂಕ ಸಣ್ಣದು, ಅಂಚಿಗೆ ಹೋದಂಗ ದಪ್ಪ. ಅದಕ್ಕ ಬೆಳಕು ಒಂದು ಕಡಿ ಕೂಡ್ತದ, ಒಂದು ಕಡಿ ಕಳೀತದ. ಕರೀ ಉಂಗುರ, ಹಳದಿ ಉಂಗುರ, ಒಂದರೊಳಗೊಂದು.

ಪುಸ್ತಕದ ಚಿತ್ರದಾಗ ಅದು ಸಲೀಸು. ಲ್ಯಾಬಿನ್ಯಾಗ ಮೊದಲ ಸಲ ನೋಡಿದಾಗ ನನಗ ಬರೇ ಹಳದಿ ಮಬ್ಬು ಕಾಣ್ತು. ಗೆಳತೇರೆಲ್ಲ ‘ಕಂಡ್ತು ಕಂಡ್ತು’ ಅಂದ್ರು, ನಾನೂ ಹೂಂ ಅಂದೆ. ಉಪಕರಣ ಕಡಿಮಿ, ಒಂದರ ಮುಂದ ನಾವೊಂದು ಗುಂಪು. ಮುಂದಿನ ವಾರ ಊಟದ ಹೊತ್ತಿನ್ಯಾಗ ಲ್ಯಾಬ್ ಅಟೆಂಡರ್ ಕಾಕಾಗ ಕೇಳಿಕೊಂಡು ಒಬ್ಬಾಕೀನೇ ಕುಂತೆ. ಗಾಜು ಒರಸೋದು, 45 ಡಿಗ್ರಿಯ ಗಾಜು ಒಂಚೂರು ತಿರುವೋದು, ಫೋಕಸ್ ಮ್ಯಾಲೆ ಕೆಳಗ. ಒಮ್ಮೆಲೇ ಉಂಗುರ ಬಂದ್ವು. ಅಷ್ಟು ಚೊಕ್ಕ! ಆಮ್ಯಾಲೆ ಕ್ರಾಸ್‌ವೈರ್ (ಮೈಕ್ರೋಸ್ಕೋಪಿನೊಳಗ ಕಾಣೋ ಅಡ್ಡ-ಉದ್ದ ಗೆರಿ) ಒಂದೊಂದೇ ಉಂಗುರದ ಮ್ಯಾಲೆ ತಂದು ರೀಡಿಂಗ್ ತಗೊಂಡೆ. ವ್ಯಾಸದ ವರ್ಗಕ್ಕ ಗ್ರಾಫ್ ಹಾಕಿದ್ರ ನೆಟ್ಟನ ಗೆರಿ. ಸೋಡಿಯಂ ಬೆಳಕಿನ ತರಂಗದ ಉದ್ದ 5893 ಆಂಗ್‌ಸ್ಟ್ರಾಮ್ ಅಂತ ಹಾಕಿದ್ರ ಲೆನ್ಸಿನ ಬಾಗು ಎಷ್ಟಂತ ಬಂತು. ಒಂದು ಸೆಂಟಿಮೀಟರಿನ ಹತ್ತು ಸಾವಿರದಾಗ ಒಂದು ಪಾಲೂ ಇಲ್ಲದ ಅಳತಿ ಅದು, ಅದನ್ನ ಹಿಡಕೊಂಡು ಒಂದು ಗಾಜಿನ ಆಕಾರ ಹೇಳಬಹುದು. ಅವತ್ತು ಬಸ್ಸಿನ್ಯಾಗ ನಿಂತಿದ್ದೂ ಗೊತ್ತಾಗಲಿಲ್ಲ.

ಇನ್ನ ಗಣಿತದಾಗ, ಸೀಕ್ವೆನ್ಸು (ಸಂಖ್ಯೆಗಳ ಸಾಲು) ಕನ್ವರ್ಜ್ ಆಗ್ತದಂತ, ಅಂದ್ರ ಒಂದೇ ಬೆಲಿಯ ಹತ್ರ ಹತ್ರ ಹೋಗ್ತದಂತ ಸಾಧಿಸೋದು ಹೋದ ವರ್ಷ ನನಗ ಗೊತ್ತೇ ಇರಲಿಲ್ಲ. ಈಗ ಎಷ್ಟು ಹತ್ರ ಬೇಕಂತ ಎಪ್ಸಿಲಾನ್ ಕೊಟ್ರ, ಎಷ್ಟನೇ ಸಂಖ್ಯೆಯಿಂದ ಮುಂದ ಅಂತ ಎನ್ ಹುಡುಕಿ ಕೊಡ್ತೀನಿ. ಎಲ್ಲಾ ಲೆಕ್ಕ ಬರ್ತಾವಂತ ಅಲ್ಲ. ಆದ್ರ ಯಾಕ ಹಂಗ ಬರೀಬೇಕು ಅನ್ನೋದು ತಿಳಿದದ.

ಮತ್ತೊಂದು. ಎಸ್ಸೆಸ್ಸೆಲ್ಸಿ ತನಕ ನಂದು ಕನ್ನಡ ಮಾಧ್ಯಮ. ಪಿಯುಸಿ ಎರಡೂ ವರ್ಷ ಇಂಗ್ಲಿಷ್ ಪುಸ್ತಕ ಬಾಯಿಪಾಠ ಮಾಡಿ ದಾಟಿದೆ. ಈ ವರ್ಷ ಇಂಗ್ಲಿಷಿನ್ಯಾಗ ಓದಿ, ಹಾಳಿ ಬದಿಗೆ ಕನ್ನಡದಾಗ ನಂದೇ ಮಾತಿನ್ಯಾಗ ಬರಕೋತೀನಿ. ಬಾಯಿಪಾಠ ನಿಂತದ.

ಇದು ಹಾಕಿದ್ರ ನಡೀತದೇನ್ರಿ?

---

ಹಳೇ ಮಾಸ್ತರ, ಧಾರವಾಡ · 1 ಜನವರಿ, ಮಧ್ಯಾಹ್ನ 2:05

ನಡೀತದೇನು ಅಂತ ಕೇಳ್ತಿ! ‘ನಾನೂ ಹೂಂ ಅಂದೆ’ ಅಂದು ಮುಂದಿನ ವಾರ ಮತ್ತ ಹೋಗಿ ಕುಂತಿಯಲ್ಲ, ಅಲ್ಲಿಗೆ ನನ್ನ ಪ್ರಶ್ನೆ ಮುಗೀತು. ಒಂದು ವಿನಂತಿ. ನಡುವಿನ ಚುಕ್ಕಿ ಕರೀದು ಯಾಕ ಕಾಣ್ತದ, ಬೆಳ್ಳಗ ಯಾಕ ಇಲ್ಲ, ಅದನ್ನ ನಿನ್ನ ಕನ್ನಡದಾಗ ಇಲ್ಲಿ ಬರಿ. ಓದೋರು ಇದ್ದಾರ.

---

ಅಫಜಲಪೂರ–ಪುಣೆ · 1 ಜನವರಿ, ರಾತ್ರಿ 10:20

ತಂಗಿ, ಮೊನ್ನಿ ಸೋಮವಾರ ಎಳ್ಳಮಾಸಿ, ನಮ್ಮ ಕಡಿ ಹೊಲದ ಪೂಜಿ ಹಬ್ಬ. ಅದನ್ನ ಬರೀಲೇ ಇಲ್ಲಲ್ಲ ನೀ? ಹೊಲಕ್ಕ ಹೋಗಿದ್ದಿಲ್ಲೇನು? ನಾ ಇಲ್ಲಿ ಪುಣೆದಾಗ ಒಂದು ಬಿಲ್ಡಿಂಗ್ ಸೈಟಿನ ಸೂಪರ್‌ವೈಜರ್. ಈ ಸಲ ರಜಾ ಸಿಗಲಿಲ್ಲ. ಉದ್ಯಾನ ಎಕ್ಸ್‌ಪ್ರೆಸ್ ಹತ್ತಿದ್ರ ಸಂಜೀಕ ಕಲಬುರಗಿ, ಆದ್ರ ಸ್ಲ್ಯಾಬ್ ಹಾಕೋ ದಿನ ಬಿಟ್ಟು ಹ್ಯಾಂಗ ಬರೋದು. ಅವ್ವ ವಿಡಿಯೋ ಕಾಲ್ ಮಾಡಿ ಭಜ್ಜಿ ತೋರಿಸಿದ್ಲು. ಹೊಟ್ಟಿ ಉರೀತು.

---

ತೊಗರಿಹೊಲ · 1 ಜನವರಿ, ರಾತ್ರಿ 10:45

ಹೋಗಿದ್ವಿ ಅಣ್ಣಾ, ಎಳ್ಳಮಾಸಿ ಬಿಡ್ತೀವೇನು! ಕ್ರಿಸ್‌ಮಸ್ ರಜಾ ಆಯ್ತು, ಮನಮೋಹನ ಸಿಂಗ್ ಅವರು ತೀರಿಕೊಂಡಿದ್ದಕ್ಕ ಶುಕ್ರವಾರ ರಜಾ ಕೊಟ್ರು, ನಾಲ್ಕನೇ ಶನಿವಾರ, ಐತವಾರ, ಅದರ ಬೆನ್ನಿಗೆ ಸೋಮವಾರ ಅಮಾಸಿ. ಅವತ್ತು ಕ್ಲಾಸಿಗೆ ಯಾರು ಹೋಗ್ತಾರ? ಅವ್ವ, ದೊಡ್ಡವ್ವ ನಸುಕಿನ್ಯಾಗ ಎದ್ದು ಸಜ್ಜಿ ರೊಟ್ಟಿ, ಶೇಂಗಾ ಹೋಳಿಗಿ, ಕಡಬು, ಅಂಬಲಿ ಮಾಡಿದ್ರು. ಭಜ್ಜಿಗೆ ಹಸಿ ಕಡಲಿ, ಹಸಿ ತೊಗರಿ ಸುಲಿಯೋದು ನನ್ನ ಕೆಲಸ. ಉಗುರೆಲ್ಲ ಹಸರು. ಬಿಳಿಜೋಳದ ಹೊಲದಾಗ ಚರಗ (ಭೂಮಿತಾಯಿಗೆ ಎಡಿ) ಚೆಲ್ಲಿದ್ವಿ, ‘ಹುಲ್ಲುಲ್ಲಿಗೋ’ ಅಂತ ಕೂಗೋದ್ರಾಗ ನಮ್ಮ ಸಣ್ಣ ಕಾಕಾನ ದನಿ ಪಕ್ಕದ ಊರಿಗೆ ಕೇಳ್ತಿತ್ತು.

ಊಟ ಆದ ಮ್ಯಾಲೆ ಗಂಡಸರ ಮಾತೆಲ್ಲ ತೊಗರಿ ರೇಟಿಂದು. ಬೆಂಬಲ ಬೆಲಿ 7,550 ಅಂತಾರ, ಪ್ಯಾಟಿಗೆ ಹೊಸ ತೊಗರಿ ಬಂದಂಗ ಬಂದಂಗ ರೇಟ್ ಇಳೀಲಾಕತ್ತದ. 2023ರಾಗ ಬರ, ಬೆಳೀನೇ ಇಲ್ಲ. ಈ ಸಲ ಬೆಳಿ ಅದ, ರೇಟಿನ ಚಿಂತಿ. ಅಪ್ಪ ಅಂದ, ‘ರಾಶಿ ಆದ ಮ್ಯಾಲೆ ವರ್ಷದ ಮಾತು, ಈಗೇನದ’ ಅಂತ.

---

ಅಫಜಲಪೂರ–ಪುಣೆ · 1 ಜನವರಿ, ರಾತ್ರಿ 11:15

ನಿನಗ ಒಂದು ಮಾತು ಹೇಳ್ಲೇನು. ನಾ ಪಿಯುಸಿ ಮುಗಿಸಿ ಡಿಗ್ರಿಗೆ ಅರ್ಜಿ ತಂದಿದ್ದೆ. ಆ ವರ್ಷ ಮಳಿ ಹೋಯ್ತು, ಮನ್ಯಾಗ ಸಾಲ, ಮಾವ ಇಲ್ಲಿ ಕರಕೊಂಡು ಬಂದ. ಆರು ತಿಂಗಳು ದುಡದು ವಾಪಸ್ ಹೋಗಿ ಸೇರ್ತೀನಿ ಅಂದಿದ್ದೆ. ನಮ್ಮೂರಾಗ ಕಾಲೇಜು ಬಿಟ್ಟವರಾರೂ ಒಂದು ದಿನ ಕುಂತು ಬಿಡಬೇಕಂತ ಬಿಟ್ಟಿಲ್ಲ. ಒಂದು ಫೀ ತಪ್ತದ, ಒಂದು ಪರೀಕ್ಷಾ ತಪ್ತದ, ಮನ್ಯಾಗ ಯಾರಿಗರ ಆರಾಮಿರಂಗಿಲ್ಲ, ಅಷ್ಟರಾಗ ಹೋಗಿರ್ತದ. ನೀ ಜನವರಿಯಾಗ ಯಾವ ಬಸ್ಸು ಹತ್ತಿದ್ದಿ, ಡಿಸೆಂಬರ್‌ನ್ಯಾಗೂ ಅದೇ ಬಸ್ಸು ಹತ್ತೀ. ಇದನ್ನ ಏನೂ ಆಗಲಿಲ್ಲ ಅಂತೀ. ನನಗ ಗುಕೇಶಂದು ತಿಳಿಯಂಗಿಲ್ಲ, ಇದು ಮಾತ್ರ ತಿಳೀತದ.

---

ತೊಗರಿಹೊಲ · 2 ಜನವರಿ, ಮುಂಜಾನಿ 6:20

ಬಸ್ಸಿನ್ಯಾಗಿದ್ದೀನಿ, ಸೀಟು ಸಿಕ್ಕದ. ಅಣ್ಣಾ, ನಮ್ಮ ಮನ್ಯಾಗೂ ಪಿಯುಸಿ ಮುಗಿದ ಕೂಡಲೇ ಇದೇ ಮಾತು ಬಂದಿತ್ತು. ಮನೀಗೆ ಬಂದ ಸಂಬಂಧವೂ ಒಂದಿತ್ತು. 2023ರ ಜೂನ್‌ನ್ಯಾಗ ಹೆಣ್ಮಕ್ಕಳಿಗೆ ಬಸ್ ಫ್ರೀ ಆಯ್ತು ನೋಡ್ರಿ, ನನ್ನ ಅಡ್ಮಿಷನ್ ಹೊತ್ತೂ ಅದೇ. ಅಪ್ಪ ‘ಬಸ್ಸಿನ ರೊಕ್ಕ ಇಲ್ಲಂದ್ರ ಹೋಗ್ಲಿ ಬಿಡು’ ಅಂದ. ಗೃಹಲಕ್ಷ್ಮಿಯ ಎರಡು ಸಾವಿರ ಬಂದ ತಿಂಗಳು ಅವ್ವ ರೆಕಾರ್ಡು, ಜೆರಾಕ್ಸಿಗೆ ಅಂತ ಸ್ವಲ್ಪ ತಗದು ಕೊಡ್ತಾಳ. ಬರದ ತಿಂಗಳು ಕೇಳಂಗಿಲ್ಲ ನಾ. ಲಗ್ನದ ಮಾತು ಈಗ ನಿಂತದ. ಪರೀಕ್ಷಾ ಪಾಸಾಗೋತನಕ ನಿಂತಿರ್ತದ. ಬ್ಯಾಕ್‌ಲಾಗ್ ಬಿದ್ರ ಮತ್ತ ಶುರು ಆಗ್ತದಂತ ನನಗ ಗೊತ್ತದ.

---

ಜೇವರ್ಗಿ ಹುಡುಗ · 3 ಜನವರಿ, ಮಧ್ಯಾಹ್ನ 12:30

ಅಕ್ಕಾ, ನಿಮಗ ಜೀರೋ ಟಿಕೆಟ್. ನಾವು ರೊಕ್ಕ ಕೊಟ್ಟು ಪಾಸ್ ಮಾಡಿಸಿ ಬಾಗಿಲಾಗ ಜೋತಾಡ್ತೀವಿ. ಐದನೇ ತಾರೀಖಿನಿಂದ ಟಿಕೆಟ್ ದರ 15 ಪರ್ಸೆಂಟ್ ಹೆಚ್ಚಂತ ನಿನ್ನೆ ಕ್ಯಾಬಿನೆಟ್‌ನಾಗ ಆಯ್ತು. ನಮ್ಮ ವರ್ಷದ ಲೆಕ್ಕ ಇದೇ ನೋಡ್ರಿ.

---

ಕಡಲತಡಿ ಬಿಕಾಂ · 3 ಜನವರಿ, ಮಧ್ಯಾಹ್ನ 1:00

ತಮ್ಮಾ, ನಿನ್ನ ಕಷ್ಟ ಸುಳ್ಳಲ್ಲ. ಆದ್ರೆ ಆ ಕಷ್ಟ ಅವಳಿಂದ ಬಂದದ್ದಲ್ಲ. ಬೆಳಿಗ್ಗೆ ಕಾಲೇಜಿನ ಹೊತ್ತಿಗೆ ಇನ್ನೊಂದು ಬಸ್ ಬಿಡಿ ಅಂತ ಇಬ್ಬರೂ ಸೇರಿ ಅರ್ಜಿ ಕೊಟ್ರೆ ಆಗ್ಲಿಕ್ಕಿಲ್ಲವಾ? ನಮ್ಮಲ್ಲಿ ಖಾಸಗಿ ಬಸ್ಸುಗಳೇ ಹೆಚ್ಚು, ಆ ಫ್ರೀ ನಮಗೆ ಹೆಚ್ಚು ಸಿಗುವುದೂ ಇಲ್ಲ, ಗೊತ್ತುಂಟಲ್ಲ.

---

ಜೇವರ್ಗಿ ಹುಡುಗ · 3 ಜನವರಿ, ಮಧ್ಯಾಹ್ನ 1:12

ಅರ್ಜಿ ಕೊಟ್ಟೀವಿ ಅಕ್ಕಾ, ಹುಡುಗೂರು ಹುಡುಗೇರು ಎಲ್ಲರ ಸಹೀನೂ ಅದಾವ. ನೋಡೋಣು.

---

ವೈಟ್‌ಫೀಲ್ಡ್ ವಾಸಿ · 3 ಜನವರಿ, ರಾತ್ರಿ 9:40

ಎಲ್ಲ ಓದಿದೆ. ಪುಣೆಯವರು ಹೇಳಿದ್ದು ನಾಟಿತು. ಆದ್ರೂ ನನ್ನ ವಾದ ಪೂರ್ತಿ ಬಿಡಲ್ಲ. ಕಾಲೇಜು ಬಿಡದೇ ಉಳಿದದ್ದು ದೊಡ್ಡದು, ಸರಿ. ಮೂರನೇ ವರ್ಷ ಮುಗಿದ ಮೇಲೆ ಏನು ಅನ್ನೋದನ್ನ ಈಗಲೇ ಯೋಚಿಸದಿದ್ರೆ ಆಗ ಮನೆಯವರೇ ಯೋಚಿಸ್ತಾರೆ. ಲಿಂಕ್ಡ್‌ಇನ್ ಬಿಡಿ. ಐಐಟಿಗಳ ಆನ್‌ಲೈನ್ ಪಾಠಗಳ ಎನ್‌ಪಿಟೆಲ್‌ನಲ್ಲಿ ಜನವರಿ ಬ್ಯಾಚಿನ ಕೋರ್ಸುಗಳು ಶುರುವಾಗ್ತವೆ. ನೋಡೋದಕ್ಕೆ ದುಡ್ಡಿಲ್ಲ, ಸರ್ಟಿಫಿಕೇಟ್ ಪರೀಕ್ಷೆಗೆ ಮಾತ್ರ ಸಾವಿರ ರೂಪಾಯಿ, ಪರೀಕ್ಷೆ ಬರೀಲೇಬೇಕು ಅಂತಿಲ್ಲ. ರಿಯಲ್ ಅನಾಲಿಸಿಸ್, ಆಪ್ಟಿಕ್ಸ್ ಎರಡಕ್ಕೂ ಒಳ್ಳೆ ಪಾಠಗಳಿವೆ. ವಿಡಿಯೋ ಡೌನ್‌ಲೋಡ್ ಮಾಡಿಟ್ಟುಕೊಂಡ್ರೆ ಬಸ್ಸಲ್ಲಿ ನೆಟ್‌ವರ್ಕ್ ಇಲ್ಲದಿದ್ರೂ ನೋಡಬಹುದು. ಎಂಎಸ್ಸಿ ಐಐಟಿಯಲ್ಲಿ ಮಾಡೋಕೆ ಜಾಮ್ ಪರೀಕ್ಷೆ ಇದೆ, ಈ ವರ್ಷದ್ದು ಫೆಬ್ರುವರಿ 2ಕ್ಕೆ. ನಿಮಗಿನ್ನೂ ಸಮಯ ಇದೆ, ಹಳೇ ಪ್ರಶ್ನೆಪತ್ರಿಕೆ ಆನ್‌ಲೈನ್‌ನಲ್ಲಿ ಸಿಗುತ್ತೆ, ಒಂದು ತೆಗೆದು ನೋಡಿ.

---

ಮೈಸೂರು ಬಿಎಡ್ · 3 ಜನವರಿ, ರಾತ್ರಿ 10:30

ಎಲ್ಲರಿಗೂ ಐಐಟಿನೇ ಯಾಕೆ ಅಂತೀನಿ. ನಾನೂ ಬಿಎಸ್ಸಿ ಮುಗಿಸಿ ಬಿಎಡ್ ಮಾಡ್ತಾ ಇದ್ದೀನಿ ಕಣ್ರೀ. ಮೇಷ್ಟ್ರಾಗೋ ಆಸೆ ಇದ್ರೆ ಬಿಎಸ್ಸಿ, ಬಿಎಡ್, ಆಮೇಲೆ ಟಿಇಟಿ (ಶಿಕ್ಷಕರ ಅರ್ಹತಾ ಪರೀಕ್ಷೆ) ಪಾಸು ಮಾಡ್ಕೊಂಡ್ರೆ ಆರರಿಂದ ಎಂಟನೇ ತರಗತಿ ಶಿಕ್ಷಕರ ನೇಮಕಾತಿಗೆ ಅರ್ಜಿ ಹಾಕಬಹುದು. ಕರೆಯೋದು ಯಾವಾಗ ಅನ್ನೋದು ದೇವರಿಗೇ ಗೊತ್ತು, ಅದು ಬೇರೆ ವಿಷಯ. ಮೈಸೂರಿನ ಪ್ರಾದೇಶಿಕ ಶಿಕ್ಷಣ ಸಂಸ್ಥೆಯಲ್ಲೂ ಬಿಎಡ್ ಇದೆ, ಪ್ರವೇಶ ಪರೀಕ್ಷೆ ಬರೀಬೇಕು. ನೀವು ಆ ಉಂಗುರದ ವಿಷಯ ಬರೆದ ರೀತಿ ನೋಡಿದ್ರೆ ಪಾಠ ಮಾಡೋ ಕೈ ಅನ್ನಿಸ್ತು.

---

ತೊಗರಿಹೊಲ · 3 ಜನವರಿ, ರಾತ್ರಿ 11:05

ಓಣಿ ಹುಡುಗೂರಿಗೆ ಐತವಾರ ಗಣಿತ ಹೇಳಿಕೊಡ್ತೀನಿ ಅಕ್ಕಾರೆ, ಎಂಟು ಒಂಬತ್ತನೇತ್ತಾದವರು. ಅದನ್ನ ಲೆಕ್ಕಕ್ಕ ಹಿಡಿಯೋದೇ ಮರತಿದ್ದೆ. ಜಾಮ್ ಪೇಪರ್ ತಗದು ನೋಡಿದೆ, ಎರಡು ಪ್ರಶ್ನೆ ತಿಳದ್ವು, ಉಳಿದವು ಕಣ್ಣು ಬಿಟ್ಟು ನೋಡಿದ್ವು. ಇರಲಿ, ಇಟ್ಟುಕೊಂಡೀನಿ.

ಮಾಸ್ತರ್ರೇ, ನಿಮ್ಮ ಕರೀ ಚುಕ್ಕಿ: ನಡೂಕ ಲೆನ್ಸು ಗಾಜಿಗೆ ತಾಗಿರ್ತದ, ಗಾಳಿಯ ದಪ್ಪ ಸೊನ್ನಿ. ಹಂಗಾದ್ರ ಎರಡೂ ಬೆಳಕು ಒಂದೇ ದೂರ ಹೋಗಿ ಬಂದಂಗ, ಕೂಡಿ ಬೆಳ್ಳಗ ಕಾಣಬೇಕು. ಆದ್ರ ಗಾಳಿಯಿಂದ ಗಾಜಿಗೆ ಬಡದು ತಿರುಗೋ ಬೆಳಕು ಅರ್ಧ ತರಂಗ ಹಿಂದ ಬೀಳ್ತದ. ಗಾಜಿನಿಂದ ಗಾಳಿಗೆ ಬರೋವಾಗ ಬಡದು ತಿರುಗಿದ್ದು ಹಂಗ ಬೀಳಂಗಿಲ್ಲ. ಒಂದರ ಏರು ಇನ್ನೊಂದರ ಇಳುವಿನ ಮ್ಯಾಲೆ ಕುಂತು ಎರಡೂ ಕಳೀತಾವ. ಅದಕ್ಕ ಕರೀದು. ಸರಿ ಅದನ?

ಮತ್ತ ಇನ್ನೊಂದು ಯಾರಿಗರ ಗೊತ್ತಿದ್ರ ಹೇಳ್ರಿ. ಎಸ್‌ಎಸ್‌ಪಿಯಾಗ (ರಾಜ್ಯ ಸರಕಾರದ ಸ್ಕಾಲರ್‌ಶಿಪ್ ವೆಬ್‌ಸೈಟು) ಸ್ಕಾಲರ್‌ಶಿಪ್ ಅರ್ಜಿ ಹಾಕೀನಿ. ಹೋದ ವರ್ಷದ್ದು ಮಂಜೂರು ಅಂತ ತೋರಸ್ತದ, ಖಾತಿಗೆ ಬಂದಿಲ್ಲ. ಆಧಾರ್ ಲಿಂಕ್ ಅದ ಅಂತ ಬ್ಯಾಂಕಿನವರು ಅಂದ್ರು.

---

ಹಳೇ ಮಾಸ್ತರ, ಧಾರವಾಡ · 4 ಜನವರಿ, ಮುಂಜಾನೆ 7:00

ಸರಿ ಐತಿ. ‘ಏರು, ಇಳುವು’ ಭಾಳ ಛಂದ ಬಂತು. ಪರೀಕ್ಷಾದಾಗ ಮಾತ್ರ ಚಿತ್ರ ತಗದು ಬರಿ. ಸ್ಕಾಲರ್‌ಶಿಪ್ಪಿಂದು ನನಗ ತಿಳಿಯೂದಿಲ್ಲ.

---

ಕಡಲತಡಿ ಬಿಕಾಂ · 4 ಜನವರಿ, ಬೆಳಿಗ್ಗೆ 7:45

ಅದು ನಂಗೆ ಗೊತ್ತು. ಆಧಾರ್ ಲಿಂಕ್ ಬೇರೆ, ಎನ್‌ಪಿಸಿಐ ಮ್ಯಾಪಿಂಗ್ ಬೇರೆ. ಒಂದಕ್ಕಿಂತ ಹೆಚ್ಚು ಬ್ಯಾಂಕಿನಲ್ಲಿ ಖಾತೆ ಇದ್ದು ಎಲ್ಲದಕ್ಕೂ ಆಧಾರ್ ಕೊಟ್ಟಿದ್ರೂ, ಸರ್ಕಾರದ ಹಣ ಹೋಗುವುದು ಕೊನೆಗೆ ಮ್ಯಾಪ್ ಆದ ಒಂದೇ ಬ್ಯಾಂಕಿಗೆ. ಮೈಆಧಾರ್ ವೆಬ್‌ಸೈಟಿಗೆ ಹೋಗಿ, ಆಧಾರ್ ನಂಬರ್ ಹಾಕಿ, ಫೋನಿಗೆ ಬರುವ ಒಟಿಪಿ ಕೊಟ್ಟು ‘ಬ್ಯಾಂಕ್ ಸೀಡಿಂಗ್ ಸ್ಟೇಟಸ್’ ನೋಡು. ಯಾವ ಬ್ಯಾಂಕು, ಆ್ಯಕ್ಟಿವ್ ಉಂಟಾ ಇಲ್ಲವಾ ಅಂತ ಬರ್ತದೆ. ಶಾಲೆಯಲ್ಲಿದ್ದಾಗ ತೆರೆದ ಹಳೇ ಖಾತೆಗೆ ಹೋಗಿರುವುದೂ ಉಂಟು, ಆ ಪಾಸ್‌ಬುಕ್ ಒಮ್ಮೆ ಎಂಟ್ರಿ ಮಾಡಿಸು. ಅಲ್ಲಿಯೂ ಇಲ್ಲದಿದ್ರೆ ಈಗಿನ ಬ್ಯಾಂಕಿನಲ್ಲಿ ಆಧಾರ್ ಸೀಡಿಂಗ್ ಫಾರ್ಮ್ ಕೊಡು, ‘ಡಿಬಿಟಿಗೆ’ (ಸರ್ಕಾರದ ಹಣ ನೇರ ಖಾತೆಗೆ ಬರಲಿಕ್ಕೆ) ಅಂತ ಬಾಯಿಬಿಟ್ಟು ಹೇಳು, ಸ್ವೀಕೃತಿ ತಗೊಳ್ಳದೆ ಬರಬೇಡ.

---

ತೊಗರಿಹೊಲ · 4 ಜನವರಿ, ಮುಂಜಾನಿ 8:30

ಅಕ್ಕಾರೆ, ನೋಡಿದೆ. ಆರನೇತ್ತಾ ಇದ್ದಾಗ ತಗದಿದ್ದ ಖಾತಿ ತೋರಸ್ತದ! ಪಾಸ್‌ಬುಕ್ ಅವ್ವನ ಟ್ರಂಕಿನ್ಯಾಗದ ಅಂತ. ಇವತ್ತು ಮೊದಲನೇ ಶನಿವಾರ, ಬ್ಯಾಂಕ್ ಇರ್ತದ. ಪ್ರಾಕ್ಟಿಕಲ್ ಮುಗಿಸಿ ಹೋಗ್ತೀನಿ.